ಮಣ್ಣಿನ ಜವಾನರಿಗೆ ಹೊಲಸು ಬಳಿದ ದಿನಗಳು

ಸೈನಿಕರ ಮೈಗೆ ಹೊಲಸು ಬಳಿಯುವುದೂ ಒಂದು ಉದ್ಯೋಗ ಅಂದರೆ ಜನ ನಗುತ್ತಾರೆ. ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ನಾನು ಅದನ್ನೇ ಮಾಡುತ್ತಿದ್ದೆ. ಅಲ್ಲಿನ ಒಂದು ಪ್ರದರ್ಶನ ಕೋಣೆಯಲ್ಲಿ, ದೊಡ್ಡ ಮೇಜಿನ ಮೇಲೆ ಗುಡ್ಡ, ಕಂದಕ ಕಟ್ಟಿ, ನಾಲ್ಕು ಬೆರಳೆತ್ತರದ ಮಣ್ಣಿನ ಜವಾನರನ್ನು ನಿಲ್ಲಿಸಿ ಯುದ್ಧದ ದೃಶ್ಯ ಮಾಡಬೇಕಿತ್ತು. ಬಣ್ಣ ಹಚ್ಚುವುದು ಅರ್ಧ ಕೆಲಸ. ಆ ಬಣ್ಣ ಬಿಸಿಲು, ಕೆಸರು, ಬೆವರು ಕಂಡು ಮಾಸಿದಂತೆ ಮಾಡುವುದು ಇನ್ನರ್ಧ. ಇಂಥ ಕೆಲಸದಲ್ಲಿ ಫಜೀತಿಗೆ ಬರವಿಲ್ಲ.

ಹೊಟ್ಟೆ

ಜವಾನರನ್ನು ಮಾಡಿಕೊಡಲು ನಮ್ಮ ಸುಬೇದಾರರು ಖಾನಾಪುರದ ಒಬ್ಬ ಕುಂಬಾರರಿಗೆ ಹೇಳಿ ಬಂದಿದ್ದರು. ಅವರು ಜೀವಮಾನವೆಲ್ಲ ಗಣಪತಿ ಮಾಡಿದವರು. ಮಣ್ಣು ಹಸಿ ಇರುವಾಗಲೇ ನೋಡೋಣ ಎಂದು ಸುಬೇದಾರರೂ ನಾನೂ ಬಸ್ಸು ಹತ್ತಿ ಹೋದೆವು. ಹಲಗೆಯ ಮೇಲೆ ಇಪ್ಪತ್ತು ಜವಾನರು ಬಂದೂಕು ಹಿಡಿದು ನಿಂತಿದ್ದರು. ಇಪ್ಪತ್ತೂ ಜನರ ಹೊಟ್ಟೆ ನಡುಪಟ್ಟಿಯ ಮೇಲೆ ಜೋತುಬಿದ್ದಿತ್ತು.

"ಕಾಕಾ, ಸೈನಿಕರಿಗಿ ಇಂಥಾ ಹೊಟ್ಟಿ ಇರೂದಿಲ್ಲರಿ," ಅಂದೆ.

"ಖರೇನ?" ಎಂದು ಕುಂಬಾರರು ಸುಬೇದಾರರ ಕಡೆ ನೋಡಿದರು. "ನಾ ಹೋದ ಸಲ ಇವರು ಬಂದಾಗ ನೋಡಿಕೊಂಡ ಮಾಡೇನ್ರಿ."

ವಾಪಸು ಬರುವಾಗ ಸುಬೇದಾರರು ಬೆಳಗಾವಿ ಅಂಚಿನ ಪೀರನವಾಡಿ ತನಕ ಉಸಿರು ಒಳಗೆಳೆದುಕೊಂಡೇ ಕೂತಿದ್ದರು.

ಬೂಟು

ಹೊಟ್ಟೆ ಕೆರೆಸಿ, ಸುಟ್ಟು ತಂದ ಜವಾನರಿಗೆ ಹಸಿರು ಹಚ್ಚಿದೆ. ತೆಳು ಕಂದು ಬಣ್ಣವನ್ನು ಬಟ್ಟೆಯ ನೆರಿಗೆಗಳಿಗೆ ಇಳಿಸಿ, ಮೇಲಿಂದ ಒರೆಸಿ, ಬೂಟಿಗೆ ಸೋಸಿದ ಕೆಂಪು ಮಣ್ಣು ಮೆತ್ತಿದೆ. ಮೂರು ದಿನ ಹಿಡಿಯಿತು. ನಾಲ್ಕನೇ ದಿನ ಚಹಾ ಕುಡಿದು ಬಂದರೆ, ಸುಬೇದಾರರು ಬೆಂಕಿಕಡ್ಡಿಗೆ ಅರಿವೆ ಸುತ್ತಿಕೊಂಡು ನಲವತ್ತು ಬೂಟಿಗೂ ಪಾಲಿಶ್ ಹೊಡೆದು ಮುಗಿಸಿದ್ದರು.

"ಏನ್ ಮಾಡಿದ್ರಿ ಇದು? ಅವರು ಯುದ್ಧದಾಗ ಅದಾರ್ರಿ!"

"ಯುದ್ಧ ಇದ್ರೇನಾತು? ವೈರಿ ಬಂದು ಕಾಲಿಗಿ ಬಿದ್ರ, ನಮ್ಮ ಬೂಟಿನ್ಯಾಗ ಅವನ ಮಾರಿ ಅವಗ ಕಾಣಬೇಕು!"

ರಜೆ

ಮೇಲಿನ ಸಾಹೇಬರ ತಪಾಸಣೆ ಬಂತು. ನಾನಿನ್ನೂ ಹಂಗಾಮಿ, ಕಾಯಂ ಆಗುವುದು ಅವರ ಸಹಿಯ ಮೇಲೆ ನಿಂತಿತ್ತು. ಎರಡು ದಿನ ಮೊದಲು ನನ್ನ ಮೊಣಕೈ ತಾಗಿ ಒಬ್ಬ ಜವಾನ ನೆಲಕ್ಕೆ ಬಿದ್ದು ಚೂರಾದ. ಇನ್ನೊಬ್ಬನನ್ನು ಮಾಡಲು ಖಾನಾಪುರಕ್ಕೆ ಹೇಳಿಕಳಿಸಿದೆವು.

ಸಾಹೇಬರು ಬಂದವರೇ ಎಣಿಸಿದರು. ಅವರ ಹಿಂದಿಯನ್ನು ಕನ್ನಡದಲ್ಲೇ ಹೇಳುತ್ತೇನೆ. "ಫಲಕದಲ್ಲಿ ಇಪ್ಪತ್ತು ಅಂತಿದೆ. ಇಲ್ಲಿರೋದು ಹತ್ತೊಂಬತ್ತು. ಇನ್ನೊಬ್ಬ ಎಲ್ಲಿ?"

ಸುಬೇದಾರರು ಸೆಲ್ಯೂಟ್ ಹೊಡೆದರು. "ರಜೆ ಮೇಲೆ ಖಾನಾಪುರಕ್ಕೆ ಹೋಗಿದ್ದಾನೆ, ಸಾಬ್!"

ಸಾಹೇಬರ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. "ಬಂದ ಕೂಡಲೇ ನನ್ನ ಮುಂದೆ ಹಾಜರು ಮಾಡಿ."

ಎಂಟು ದಿನಕ್ಕೆ ಹೊಸ ಜವಾನ ಬಂದ. ನಾನು ಅಂಗಿ, ಪ್ಯಾಂಟಿಗೆ ಬಣ್ಣ ಹಚ್ಚುವಷ್ಟರಲ್ಲಿ ಸುಬೇದಾರರು ಅವನನ್ನು ಕಸಿದುಕೊಂಡು, ಅಂಗೈ ಮೇಲೆ ನಿಲ್ಲಿಸಿ, ಕವಾಯತಿನ ಹೆಜ್ಜೆ ಹಾಕುತ್ತ ಸಾಹೇಬರ ಆಫೀಸಿಗೆ ನಡೆದರು. ನಾನು ಕುಂಚ ಹಿಡಿದುಕೊಂಡೇ ಹಿಂದೆ ಓಡಿದೆ.

ಸಾಹೇಬರು ಜವಾನನನ್ನು ಮೇಜಿನ ಮೇಲೆ, ನನ್ನನ್ನು ಕಾಯಂ ಮಾಡುವ ಕಾಗದದ ಬಾಜು ನಿಲ್ಲಿಸಿಕೊಂಡು, "ಇಷ್ಟು ತಡ ಯಾಕಾಯ್ತು?" ಎಂದು ಅವನನ್ನೇ ಕೇಳಿದರು.

ನಾನೇ ಬಾಯಿ ಬಿಟ್ಟೆ. "ಭಟ್ಟಿ ಆರಿರಲಿಲ್ಲ, ಸಾಬ್."

"ನಾನು ಕೇಳಿದ್ದು ಅವನನ್ನು. ಅವನ ಪರವಾಗಿ ನೀನ್ಯಾಕೆ ಹೇಳ್ತಿ?"

"ಸಾಬ್, ಅವನಿಗೆ ಬಾಯಿ ಬರೆಯೋದು ಇನ್ನೂ ಬಾಕಿ ಇದೆ."

ಸಾಹೇಬರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬಹಳ ಹೊತ್ತು ಅವರ ಹೆಗಲಷ್ಟೇ ಕುಣಿಯುತ್ತಿತ್ತು. ನನ್ನ ಕಾಯಂ ಕಾಗದದ ಮೇಲಿನ ಸಹಿ ಸೊಟ್ಟಗಿದೆ.