ಮುನಿರಾಜು ತಗೊಳ್ಳಿ ಎಂದ ಕ್ಯಾಮೆರಾ

ನಾನು ನಿಂತಿದ್ದುದು ಅಲ್ಲಾಳಸಂದ್ರ ಕೆರೆಯ ಏರಿಯ ಮೇಲೆ, ಒಂದು ಹೊಂಗೆಮರಕ್ಕೂ ಅದರ ಪಕ್ಕದ ಕಲ್ಲುಬೆಂಚಿಗೂ ನಡುವೆ, ನೀರಿಗೆ ಮುಖ ಮಾಡಿ. ಹೋದ ಕಾರ್ತಿಕದ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿತ್ತು. ಗಂಟೆಯನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅದಕ್ಕೆ ಸ್ವಲ್ಪ ಮುಂಚೆ ನನ್ನ ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಹುಲ್ಲಿಗೆ ಬಿದ್ದಿತ್ತು. ಎತ್ತಿಕೊಂಡು, ಇನ್ನೂ ನಡೆಯುತ್ತಿದೆಯೇ ಎಂದು ನೋಡಿದ್ದೆ. ನಡೆಯುತ್ತಿತ್ತು.

ಇಷ್ಟು ಗಂಭೀರವಾಗಿ ಶುರುಮಾಡಿದವನ ತೊಂದರೆ ಬಹಳ ಸಣ್ಣದು ಎಂದರೆ ನಿಮಗೆ ನಿರಾಸೆಯಾದೀತು. ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಳ್ಳಬೇಕೇ, ಇಲ್ಲವೇ ನೆಲಕ್ಕೆ ಬಿದ್ದರೂ ಒಡೆಯದ, ನೀರಿಗೆ ಬಿದ್ದರೂ ಕೆಡದ ಪುಟ್ಟ ಹೊಸ ಕ್ಯಾಮೆರಾ ಕೊಳ್ಳಬೇಕೇ ಎಂಬುದು ಆ ತೊಂದರೆ. ಜನ ಇಂಥದ್ದನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ತೀರ್ಮಾನಿಸುತ್ತಾರೆ. ನನಗೆ ನಾಲ್ಕು ತಿಂಗಳು ಹಿಡಿಯಿತು. ಅದೂ ನಾನು ಮಾಡಿದ ತೀರ್ಮಾನವೆಂದು ಧೈರ್ಯವಾಗಿ ಹೇಳಲಾರೆ.

ನನ್ನ ಉದ್ಯೋಗವನ್ನೂ ಇಲ್ಲಿಯೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಯಲಹಂಕದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಸಭೆಗಳ ನಡಾವಳಿ ಬರೆಯುವವನು. ಯಾರು ಏನು ಹೇಳಿದರು, ಯಾರು ಒಪ್ಪಿದರು, ಯಾರು ಚಹಾ ಬರುವ ತನಕ ಮಾತ್ರ ವಿರೋಧಿಸಿದರು ಎಂಬುದನ್ನೆಲ್ಲ ಅವರವರ ಮಾತಿನಲ್ಲೇ ಬರೆದಿಡುತ್ತೇನೆ. ಗದಗಿನಿಂದ ಈ ಊರಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದು ನನ್ನ ನಡಾವಳಿಗೆ ತಕರಾರು ತೆಗೆದವರು ಒಬ್ಬರೂ ಇಲ್ಲ. ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಕೈಗಳ ಬಗ್ಗೆ ಅಂಥ ಜಂಬ ಎಂದೂ ಇರಲಿಲ್ಲ. ನನ್ನ ಕೈಗೆ ಬಂದ ವಸ್ತು ಸ್ವಲ್ಪ ಹೊತ್ತು ಅಲ್ಲಿ ವಿಶ್ರಾಂತಿ ಪಡೆದು ನೆಲಕ್ಕೆ ಹೊರಡುತ್ತದೆ. ಲೋಟ, ಬೀಗದಕೈ, ಪ್ರಾಂಶುಪಾಲರ ಕನ್ನಡಕ, ಒಮ್ಮೆ ನೆಂಟರ ಮದುವೆಯಲ್ಲಿ ತುಂಬಿದ ಪಾಯಸದ ಬಕೆಟ್ಟು. ಮುನಿರಾಜುಗೆ ಇದರಷ್ಟು ಸಂತೋಷ ಕೊಡುವ ವಿಷಯ ಬೇರೆ ಇರಲಿಲ್ಲ. ಅವನು ನಮ್ಮ ಕಾಲೇಜಿನ ವ್ಯಾನಿನ ಡ್ರೈವರ್, ಅಲ್ಲಾಳಸಂದ್ರದಲ್ಲೇ ಹುಟ್ಟಿ ಬೆಳೆದವನು. ಕೆರೆಯ ಕೆಳಗೆ ಅವರ ತಾತನ ಗದ್ದೆಯಿತ್ತಂತೆ. ಅಲ್ಲಿ ಈಗಿರುವ ಅಪಾರ್ಟ್‌ಮೆಂಟಿನ ಎರಡನೆಯ ಕಟ್ಟಡವನ್ನು ಅವನು ಯಾವ ಕೊಂಕೂ ಇಲ್ಲದೆ ‘ನಮ್ ಗದ್ದೆ’ ಎಂದೇ ಕರೆಯುತ್ತಿದ್ದ. “ನಮ್ ಗದ್ದೇಲಿ ಲಿಫ್ಟ್ ಕೆಟ್ಟಿದೆಯಂತೆ ಸಾರ್” ಎನ್ನುತ್ತಿದ್ದ. ನನಗಿಂತ ಏಳು ವರ್ಷ ಚಿಕ್ಕವನು. ನನ್ನ ಕೈಯಿಂದ ಏನಾದರೂ ಬಿದ್ದರೆ, “ಸಾರ್, ನೀವ್ ಹುಟ್ಟಿದಾಗ ಡಾಕ್ಟ್ರು ಕೈಗೆ ಎಣ್ಣೆ ಹಚ್ಚಿ ಕಳ್ಸಿದ್ರಾ?” ಎಂದು ಕೇಳುತ್ತಿದ್ದ. ಒಮ್ಮೆಯೂ ಬೇರೆ ಪ್ರಶ್ನೆ ಕೇಳಲಿಲ್ಲ, ಒಮ್ಮೆಯೂ ನಗದೆ ಕೇಳಲಿಲ್ಲ.

ಕ್ಯಾಮೆರಾ ಅವನದು. ಯಾರೋ ಮದುವೆ ಫೋಟೋಗ್ರಾಫರ್ ಹೊಸದು ಕೊಂಡು ಬಿಟ್ಟುಕೊಟ್ಟ ಹಳೆಯ ಡಿಎಸ್‌ಎಲ್‌ಆರ್. ಹಿಡಿಯುವಲ್ಲಿನ ರಬ್ಬರು ಕಿತ್ತುಬಂದು ಅಂಟುಪಟ್ಟಿಯ ಮೇಲೆ ಬದುಕಿತ್ತು. ಕೆಳಕ್ಕೆ ಬಗ್ಗಿಸಿದರೆ ಲೆನ್ಸು ತಾನಾಗಿಯೇ ಆನೆಮರಿಯ ಸೊಂಡಿಲಿನಂತೆ ಉದ್ದವಾಗುತ್ತಿತ್ತು. ವಿಪರೀತ ಭಾರ. ಅವನು ಅದನ್ನು ಕೊರಳಿಗೆ ಹಾಕಿಕೊಳ್ಳುವಾಗ “ನೊಗ ಹೂಡಿದೆ ಸಾರ್, ನಡೀರಿ” ಎನ್ನುತ್ತಿದ್ದ. ಎರಡು ವರ್ಷ, ಭಾನುವಾರ ತಪ್ಪದಂತೆ, ನಾವಿಬ್ಬರೂ ಆ ಕೆರೆಯ ಸುತ್ತ ನಡೆದೆವು. ನೀರುಕಾಗೆ, ನಾಮಕೋಳಿ, ಕೆಲವೊಮ್ಮೆ ಚೀಲಕೊಕ್ಕಿನ ಬಿಳಿ ಹೆಜ್ಜಾರ್ಲೆ. ಹಕ್ಕಿಯನ್ನು ಕಂಡುಹಿಡಿಯುವುದು ನನ್ನ ಕೆಲಸ, ಫೋಟೋ ಅವನ ಕೆಲಸ. ಮೊದಲ ವಾರ ಮಿಂಚುಳ್ಳಿಯೊಂದನ್ನು ಕಂಡ ಸಂಭ್ರಮದಲ್ಲಿ ನಮ್ಮ ಕಡೆಯವರು ಹೇಳುವಂತೆ “ಹೊಡಿ, ಹೊಡಿ, ಹೊಡಿ” ಎಂದು ಕೂಗಿದ್ದೆ. ಹಕ್ಕಿಗೆ ಕಲ್ಲು ಹೊಡೆಯುತ್ತಿದ್ದೇವೆಂದು ಕೆರೆಯ ಕಾವಲುಗಾರ ದೊಣ್ಣೆ ಹಿಡಿದು ಓಡಿಬಂದ. ಮುನಿರಾಜು ಅವನನ್ನು ಸಮಾಧಾನ ಮಾಡಿ ಕಳುಹಿಸಿ, “ನಮ್ ಕಡೆ ಫೋಟೋ ತೆಗೀತೀವಿ ಸಾರ್, ಹೊಡಿಯಲ್ಲ” ಎಂದು ತಿದ್ದಿದ. ಆ ದಿನ ಅವನು ಅಷ್ಟು ಸ್ಪಷ್ಟವಾಗಿ ಉಚ್ಚರಿಸಿದ ಮಾತನ್ನು ನಾನು ಇನ್ನೂ ಸ್ವಲ್ಪ ಗಮನವಿಟ್ಟು ಕೇಳಬೇಕಿತ್ತು.

ತನ್ನ ಕ್ಯಾಮೆರಾವನ್ನು ಅವನು ನನ್ನ ಕೈಗೆ ಕೊಟ್ಟವನಲ್ಲ. ಬದಲಿಗೆ ಪ್ರತಿ ವಾರವೂ ಒಂದು ಉಪದೇಶ ಕೊಡುತ್ತಿದ್ದ. “ನಿಮ್ಮಂಥೋರಿಗೇ ಅಂತ ಒಂದು ಬಂದಿದೆ ಸಾರ್. ಬೀಳೋ ಕ್ಯಾಮೆರಾ. ಎಷ್ಟು ಸಲ ಬಿದ್ರೂ ಏನಾಗಲ್ಲ. ಸುಮ್ನೆ ಅದನ್ನ ತಗೊಳ್ಳಿ.” ನಾನು ಸಭೆಯ ಅಭ್ಯಾಸಬಲದಿಂದ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ ಗುಣದೋಷ ಬರೆದುಕೊಂಡು ಹೋದೆ. ಪುಟ್ಟದು ಜೇಬಿನಲ್ಲಿ ಕೂರುತ್ತದೆ, ಮಳೆಗೆ ಹೆದರುವುದಿಲ್ಲ. ಆದರೆ ಆಚೆ ದಡದ ಹೆಜ್ಜಾರ್ಲೆ ಅದರಲ್ಲಿ ಥರ್ಮಾಕೋಲಿನ ಚೂರಿನಂತೆ ಕಾಣುತ್ತದೆ. ಮುನಿರಾಜು ಹಾಳೆಯನ್ನು ಪೂರ್ತಿ ಓದಿ, “ಹೆಜ್ಜಾರ್ಲೆ ನಾನ್ ನೋಡ್ಕೋತೀನಿ, ನೀವ್ ಥರ್ಮಾಕೋಲ್ ತೆಗೀರಿ” ಎಂದ.

ಈಗ ಹೊಂಗೆಮರಕ್ಕೆ ಹಿಂದಿರುಗುತ್ತೇನೆ. ಗಡಿಯಾರವನ್ನು ಕಿವಿಗೆ ಹಿಡಿದು, ಅದನ್ನು ಜೇಬಿಗೆ ಹಾಕಿ ತಿರುಗಿದಾಗ ಮುನಿರಾಜು ಬೆಂಚಿನ ಮುಂದೆ ನೆಲದ ಮೇಲೆ ಕುಳಿತಿದ್ದ. ಎಡಗೈ ನೆಲದ ಮೇಲಿತ್ತು, ಬಲಗೈ ಕೊರಳ ಹತ್ತಿರ, ಕ್ಯಾಮೆರಾದ ಪಟ್ಟಿಯ ಮೇಲೆ. ಮುಖ ಬೆವರಿತ್ತು. ಅವನು ಒಂದು ಮಾತು ಹೇಳಿದ. ನಾನು ಕೇಳಿಸಿಕೊಂಡಿದ್ದು: “ಕ್ಯಾಮೆರಾ ತಗೊಳ್ಳಿ ಸಾರ್.”

ತಗೊಂಡೆ. ಎರಡು ವರ್ಷದಲ್ಲಿ ಮೊದಲ ಬಾರಿ ಅವನು ಅದನ್ನು ನನ್ನ ಕೈಗೆ ಕೊಡುತ್ತಿದ್ದ. ಬೀಳಿಸಬಾರದೆಂದು ಎರಡೂ ಕೈಯಲ್ಲಿ ಹಿಡಿದೆ. ಪಟ್ಟಿ ಅವನ ಕಿವಿಗೆ ಸಿಕ್ಕಿಕೊಂಡಿತು, ನಿಧಾನವಾಗಿ ಬಿಡಿಸಿದೆ. ಆಗ ಅವನು ಬಲಕ್ಕೆ ವಾಲಿದ. ಅವನ ತಲೆ ನೆಲಕ್ಕೆ ಹೋಗುವುದನ್ನು ನಾನು ನೋಡಿದೆ. ನನ್ನ ಎರಡೂ ಕೈಗಳು ಕ್ಯಾಮೆರಾದ ಮೇಲಿದ್ದವು. ಹತ್ತು ಹೆಜ್ಜೆಯಾಚೆ ಬೂದುಗುಂಬಳದ ಜ್ಯೂಸು ಮಾರುವ ಜಯಮ್ಮ, ಜಗ್ಗನ್ನು ಅಲ್ಲಿಯೇ ಬಿಟ್ಟು ಓಡಿಬಂದು ತಮ್ಮ ಅಂಗೈಯನ್ನು ಅವನ ತಲೆಯ ಕೆಳಗೆ ಕೊಟ್ಟರು. ನಾನು, ಇದನ್ನು ಹೇಳಲೇಬೇಕು, ಲೆನ್ಸಿನ ಮುಚ್ಚಳ ಹಾಕಿದೆ.

ಆಟೋದಲ್ಲಿ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಡಾಕ್ಟರು, ನೀವು ಏನು ಮಾಡಿದ್ದರೂ ಪ್ರಯೋಜನವಿರಲಿಲ್ಲ, ಅಲ್ಲಿಯೇ ಮುಗಿದಿತ್ತು ಎಂದರು. ಒಳ್ಳೆಯ ಮನುಷ್ಯ. ಅವರು ಹಾಗೆ ಹೇಳುವಾಗಲೂ ಕ್ಯಾಮೆರಾ ನನ್ನ ತೊಡೆಯ ಮೇಲಿತ್ತು, ಅದಕ್ಕೊಂದು ಗೀರೂ ಬಿದ್ದಿರಲಿಲ್ಲ.

ಅಂದಿನಿಂದ ಅದು ನಮ್ಮ ಮನೆಯ ಕಪಾಟಿನಲ್ಲಿ, ಸ್ವೆಟರುಗಳ ನಡುವೆ ಕುಳಿತಿತ್ತು. ಮುನಿರಾಜುವಿನ ಹೆಂಡತಿ ಸರೋಜಮ್ಮ ಅದನ್ನು ಕೇಳಲಿಲ್ಲ. ಹನ್ನೊಂದನೆಯ ದಿನಕ್ಕೆ ಹೋದಾಗ ನಾನು ಅದನ್ನು ಒಯ್ಯಲಿಲ್ಲ. ನಾಲ್ಕನೆಯ ತಿಂಗಳು ನನ್ನ ಹೆಂಡತಿ ವಿಚಾರಣೆ ಆರಂಭಿಸಿದಳು.

“ಅಲ್ರೀ, ಮಂದಿ ಕ್ಯಾಮೆರಾ ಎಷ್ಟ್ ದಿನಾ ನಮ್ಮ ಕಪಾಟಿನಾಗ ಇಟಗೊಂಡ ಕೂಡ್ತೀರಿ?”

“ಅವಾ ತಗೊಳ್ಳಿ ಅಂತ ಹೇಳ್ಯಾನ.”

“ತಗೋರಿ ಅಂದ್ರ? ನಾನೂ ದಿನಾ ನಿಮಗ ಗುಳಿಗಿ ತಗೋರಿ ಅಂತೀನಿ. ಅಂದ್ರ ಗುಳಿಗಿ ಅಂಗಡಿ ತಗೋರಿ ಅಂತೇನು?”

ಅವಳು ತಮಾಷೆಗೆ ಅಂದಳೋ ಸಿಟ್ಟಿಗೆ ಅಂದಳೋ ತಿಳಿಯದು. ನನಗೆ ಮಾತ್ರ ಕೂತಲ್ಲಿಯೇ ಕಸಿವಿಸಿಯಾಯಿತು. ನಮ್ಮ ಭಾಷೆಯಲ್ಲಿ ಅಂಗಡಿಯಿಂದ ಕೊಳ್ಳುವುದೂ ತಗೊಳ್ಳುವುದೇ, ಕೊಟ್ಟದ್ದನ್ನು ಸ್ವೀಕರಿಸುವುದೂ ತಗೊಳ್ಳುವುದೇ. ನನ್ನದು ಇನ್ನು ನಿಮ್ಮದು ಎಂದನೇ? ಅಥವಾ ಎರಡು ವರ್ಷದಿಂದ ಹೇಳುತ್ತಿದ್ದ ಬೀಳುವ ಕ್ಯಾಮೆರಾವನ್ನು ಈಗಲಾದರೂ ಕೊಂಡುಕೊಳ್ಳಿ ಎಂದನೇ? ಮೊದಲನೆಯದಾದರೆ ಹಳೆಯದನ್ನು ಇಟ್ಟುಕೊಳ್ಳಬೇಕು. ಎರಡನೆಯದಾದರೆ ಹಳೆಯದನ್ನು ಹಿಂದಿರುಗಿಸಿ ಹೊಸದನ್ನು ಕೊಳ್ಳಬೇಕು. ಇಟ್ಟುಕೊಂಡರೆ ಕಳ್ಳನಾಗುತ್ತೇನೆಯೇ, ಕೊಟ್ಟರೆ ಗೆಳೆಯನ ಕೊನೆಯ ಮಾತನ್ನು ಮೀರುತ್ತೇನೆಯೇ? ಗುಣದೋಷದ ಹಾಳೆಯನ್ನು ಮತ್ತೆ ತೆಗೆದೆ. ಅದರಲ್ಲಿ ಇದಕ್ಕೆ ಜಾಗವಿರಲಿಲ್ಲ.

ಇನ್ನೊಂದು ಸಂಗತಿ. ಆ ಭಾನುವಾರದ ನಂತರ ನನ್ನ ಕೈಯಿಂದ ಏನೂ ಬಿದ್ದಿರಲಿಲ್ಲ. ಒಂದು ಚಮಚವೂ ಇಲ್ಲ. ಹಿಡಿದದ್ದನ್ನು ಬಿಡುವುದೇ ಕಷ್ಟವಾಗಿ, ಬಸ್ಸಿನ ಕಂಬಿಯಿಂದ ಬೆರಳನ್ನು ಒಂದೊಂದಾಗಿ ಬಿಡಿಸಿಕೊಂಡು ಇಳಿಯುತ್ತಿದ್ದೆ. ಹೆಂಡತಿ ಇದಕ್ಕೆ ಸಂತೋಷಪಡಬೇಕಿತ್ತು. ಅವಳು ನನ್ನನ್ನು ಡಾಕ್ಟರಿಗೆ ತೋರಿಸುವ ಮಾತಾಡುತ್ತಿದ್ದಳು.

ನಡಾವಳಿಯಲ್ಲಿ ಸಂಶಯ ಬಂದಾಗ ಸಭೆಯಲ್ಲಿದ್ದ ಇನ್ನೊಬ್ಬರನ್ನು ಕೇಳುವುದು ಕ್ರಮ. ನಾಲ್ಕು ತಿಂಗಳ ಮೇಲೆ ಕೆರೆಗೆ ಹೋದೆ. ಜಯಮ್ಮ ಬಾಗಲೂರಿನವರು, ಬೆಳಿಗ್ಗೆ ಮೊದಲ ಬಸ್ಸಿಗೆ ಕಾಯಿಗಳ ಚೀಲದೊಂದಿಗೆ ಬರುತ್ತಾರೆ. ಲೋಟವನ್ನು ನನ್ನ ಕೈಗೆ ಕೊಡದೆ, ರೂಢಿಯಂತೆ ಬೆಂಚಿನ ಮೇಲಿಟ್ಟರು. ಅಂದು ಅವನು ತಗೊಳ್ಳಿ ಎಂದಾಗ ಯಾವ ಅರ್ಥದಲ್ಲಿ ಎಂದಂತೆ ಕೇಳಿಸಿತು ಎಂದು ಕೇಳಿದೆ.

“ತಗೊಳ್ಳಿ ಅಂತ ಎಲ್ಲೇಳಿದ್ರು ಸಾ?” ಎಂದರು ಜಯಮ್ಮ. “ತೆಗೀರಿ ಅಂದ್ರು. ಕ್ಯಾಮ್ರಾ ತೆಗೀರಿ ಸಾರ್ ಅಂತ. ಎದೆ ಮ್ಯಾಲೆ ಗುಂಡುಕಲ್ಲು ಇದ್ದಂಗಿತ್ತಲ್ಲ ಅದು. ಉಸ್ರಾಡಕ್ಕೆ ಆಯ್ತಿರ್ಲಿಲ್ಲ ಅವ್ರಿಗೆ, ಅದಕ್ಕೆ ಅಂಗಂದ್ರು.”

ಜಗ್ಗು ತೊಳೆಯುತ್ತಾ, “ನೀವು ತೆಗುದ್ರಲ್ಲ ಸಾ, ಬುಡಿ” ಎಂದರು.

ತೆಗೀರಿ. ಅಷ್ಟೇ. ಅವನು ಏನನ್ನೂ ಕೊಟ್ಟಿರಲಿಲ್ಲ, ಯಾವ ಉಪದೇಶವನ್ನೂ ಮಾಡಿರಲಿಲ್ಲ. ಎದೆಯ ಮೇಲಿನ ಭಾರವನ್ನು ಇಳಿಸಿ ಎಂದಿದ್ದ. ಇಪ್ಪತ್ತಾರು ವರ್ಷ ಪರರ ಮಾತನ್ನು ಅಕ್ಷರ ಬಿಡದೆ ಬರೆದವನು ಒಂದೇ ಒಂದು ಪದವನ್ನು ತಪ್ಪಾಗಿ ಕೇಳಿಸಿಕೊಂಡು, ಅದರ ಮೇಲೆ ನಾಲ್ಕು ತಿಂಗಳು ಒಂದು ಆಸ್ತಿಯನ್ನೇ ಕಟ್ಟಿಕೊಂಡಿದ್ದೆ.

ಮರುದಿನ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಸರೋಜಮ್ಮನ ಮನೆಗೆ ಹೊರಟೆ. ಹೊರಟೆನೇ ಹೊರತು ಧೈರ್ಯವಾಗಲಿಲ್ಲ. ಅವರ ಬೀದಿಯನ್ನು ದಾಟಿ ಆರ್.ಟಿ. ನಗರದ ಕ್ಯಾಮೆರಾ ಅಂಗಡಿಯೊಂದರಲ್ಲಿ ಹೋಗಿ ನಿಂತೆ. ಹೊಸದೊಂದು ಕೈಯಲ್ಲಿದ್ದರೆ ಹಳೆಯದನ್ನು ಕೊಡುವುದು ಸುಲಭವಾದೀತೆಂದು ನನಗೆ ನಾನೇ ಹೇಳಿಕೊಂಡೆ. ಅಂಗಡಿಯ ಹುಡುಗಿ ಬೀಳುವ ಕ್ಯಾಮೆರಾವನ್ನು ನನ್ನ ಕೈಗಿಟ್ಟಳು.

“ಬೀಳ್ಸಿ ನೋಡಿ ಸಾರ್. ಎರಡು ಮೀಟರ್‌ವರೆಗೂ ಏನಾಗಲ್ಲ.”

ಕೈ ಚಾಚಿದೆ. ಬೆರಳು ತೆರೆಯಲಿಲ್ಲ.

“ಬಿಡಿ ಸಾರ್. ಪರ್ವಾಗಿಲ್ಲ, ಬಿಡಿ.”

ಬಿಡಲಾಗಲಿಲ್ಲ. ಜೀವಮಾನವಿಡೀ ಬೀಳಿಸಿದವನು, ಬೀಳಿಸಿ ಎಂದು ಬೇಡಿಕೊಂಡರೂ ನಿಂತೇ ಇದ್ದೆ. ಹಿಂದೆ ಇಬ್ಬರು ಗಿರಾಕಿಗಳು ಸೇರಿದರು. ಅವರಲ್ಲೊಬ್ಬ, “ಏನ್ ಗುರು ಇದು, ಅಂಕಲ್ ಕೈಗೆ ಅಂಟ್ಕೊಂಡ್ಬಿಡ್ತಲ್ಲ” ಎಂದ. ಆ ಅವಮಾನ ತಾಳಲಾರದೆ ಅದನ್ನೇ ತಗೊಂಡೆ. ಇದು ಕೊಂಡ ಅರ್ಥದಲ್ಲಿ.

ಅಲ್ಲಿಂದ ನೇರ ಸರೋಜಮ್ಮನ ಮನೆಗೆ ಹೋದೆ. ಗೋಡೆಯ ಮೇಲೆ ಮುನಿರಾಜು ಹಾರ ಹಾಕಿಕೊಂಡು, ದಂಡ ಕಟ್ಟುವವನಂತೆ ಗುರಾಯಿಸುತ್ತಿದ್ದ. ಡ್ರೈವಿಂಗ್ ಲೈಸೆನ್ಸಿನ ಫೋಟೋವನ್ನು ದೊಡ್ಡದು ಮಾಡಿಸಿದ್ದರು. ಊರಿನ ಹಕ್ಕಿಗಳನ್ನೆಲ್ಲ ತೆಗೆದವನದು ಬೇರೊಂದು ಫೋಟೋ ಇರಲಿಲ್ಲ. ಅವನ ಕೈಯಿಂದ ಕ್ಯಾಮೆರಾ ಈಸಿಕೊಂಡು ಅವನನ್ನು ತೆಗೆಯಬಹುದಾಗಿದ್ದವನು ನಾನೊಬ್ಬ. ನನಗೆ ಅವನು ಕೊಡುತ್ತಿರಲಿಲ್ಲ.

ಕೂತು, ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಎಲ್ಲವನ್ನೂ ಹೇಳಿದೆ. ಪಟ್ಟಿ ಕಿವಿಗೆ ಸಿಕ್ಕಿದ್ದು, ನನ್ನ ಕೈಗಳು ಎಲ್ಲಿದ್ದವು ಎಂಬುದು, ಮುಚ್ಚಳ ಹಾಕಿದ್ದು. ಸರೋಜಮ್ಮ ಕೇಳಿ, “ಗೊತ್ತು ಸಾರ್” ಎಂದರು. “ಜಯಮ್ಮ ಆವತ್ತೇ ಹೇಳಿದ್ಲು. ನೀವೇ ಬಂದು ಹೇಳ್ತೀರ ಅಂತ ನಾನು ಕೇಳ್ಲಿಲ್ಲ.”

ಒಳಗೆ ಹೋಗಿ ಕಾಫಿ ತಂದರು. “ತಗೊಳ್ಳಿ” ಎಂದರು.

ನಾನು ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದೇ ಇದ್ದೆ. ಯಾವುದನ್ನು ತಗೊಳ್ಳಲಿ ಎಂದು ತಿಳಿಯದೆ ಅವರ ಮುಖ ನೋಡಿದೆ.

“ಅದನ್ನ ಇಲ್ಲಿ ಕೊಡಿ ಸಾರ್. ಕಾಫಿ ತಗೊಳ್ಳಿ.”

ಅವರು ಕೈಯೊಡ್ಡಿದರು. ಬೆರಳುಗಳು ಒಂದೊಂದಾಗಿ ಬಿಟ್ಟವು. ಅವರು ಅದನ್ನು ಮಡಿಲಿಗೆ ತೆಗೆದುಕೊಂಡು ಅಂಟುಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದರು. ನಾನು ಕಾಫಿಯ ಲೋಟ ಹಿಡಿದೆ. ಅದು ಸ್ವಲ್ಪ ಹೊತ್ತು ನನ್ನ ಕೈಯಲ್ಲಿ ವಿಶ್ರಾಂತಿ ಪಡೆದು, ನೆಲಕ್ಕೆ ಹೊರಟಿತು. ದಾರಿಯಲ್ಲಿ ನನ್ನ ಅಂಗಿಯನ್ನೂ ಜೇಬಿನಲ್ಲಿದ್ದ ಹೊಸ ಕ್ಯಾಮೆರಾವನ್ನೂ ತೋಯಿಸಿತು.

ಸರೋಜಮ್ಮ ಲೋಟ ನೋಡಿದರು, ನನ್ನನ್ನು ನೋಡಿದರು, ಗೋಡೆಯ ಕಡೆ ನೋಡಿ, “ನಿಜಾನೇ ಕಣ್ರೀ ನೀವು ಹೇಳ್ತಿದ್ದಿದ್ದು” ಎಂದು ನಕ್ಕರು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ನಾನು ನೆಲ ಒರೆಸಲು ಬಟ್ಟೆ ಕೇಳಿದೆ, ಕೊಡಲಿಲ್ಲ.

ಹೊಸ ಕ್ಯಾಮೆರಾಕ್ಕೆ ಏನೂ ಆಗಲಿಲ್ಲ. ಅದನ್ನು ಮಾಡಿರುವುದೇ ಹಾಗೆ. ಈಗ ಭಾನುವಾರಗಳಂದು ಅದರಲ್ಲಿ ಥರ್ಮಾಕೋಲು ತೆಗೆಯುತ್ತೇನೆ. ದಿನಕ್ಕೆ ಎರಡು ಸಲವಾದರೂ ಬೀಳಿಸುತ್ತೇನೆ, ಎಣ್ಣೆ ಹಚ್ಚಿದರಾ ಎಂದು ಯಾರೂ ಕೇಳುವುದಿಲ್ಲ.

ಇಷ್ಟು ನನ್ನ ನಡಾವಳಿ. ಇದರಲ್ಲಿಯೂ ಒಂದು ಪದ ತಪ್ಪಿದ್ದರೆ ಆಶ್ಚರ್ಯವಿಲ್ಲ, ಬರೆದವನು ನಾನು. ಆ ಭಾನುವಾರ ಹೊಂಗೆಮರದ ಕೆಳಗೆ ನಡೆದದ್ದನ್ನು ಕಣ್ಣಾರೆ ಕಂಡು, ಕಿವಿಯಾರೆ ಸರಿಯಾಗಿ ಕೇಳಿ, ಆ ಹೊತ್ತಿಗೆ ಕೈ ಖಾಲಿ ಮಾಡಿಕೊಂಡು ಬಂದವರು ಇನ್ನೊಬ್ಬರು ಇದ್ದಾರೆ. ಚೆನ್ನಾಗಿದ್ದಾರೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಏರಿಯ ಮೇಲೆ ಸಿಗುತ್ತಾರೆ: ಬಾಗಲೂರಿನ ಜಯಮ್ಮ.