ಎಣ್ಣೆ ಕಾಣದ ಗೇಟು

ಭಾನುವಾರ ಬೆಳಗ್ಗೆ ಗೇಟು ಕಿರ್ರೆಂದಿತು. ಆಗಿದ್ದು ಅಷ್ಟೇ. ಸ್ಪ್ರಿಂಗಣ್ಣನ ನೆಮ್ಮದಿ ಕೆಟ್ಟಿದ್ದು ಅಲ್ಲಿಂದಲೇ.

ಸೋಫಾ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಸ್ಪ್ರಿಂಗಣ್ಣ ಎಂದೇ ಕರೆಯುತ್ತಿದ್ದರು. ವಾರವಿಡೀ ಕಂಡವರ ಸೋಫಾಗಳ ಹೊಟ್ಟೆ ಬಗೆದು, ಹೊಸ ಸ್ಪಂಜು ತುಂಬಿ, ಬಟ್ಟೆ ಬಿಗಿದು, ಮೊಳೆ ಹೊಡೆದು, ಭಾನುವಾರ ಮಾತ್ರ ತನ್ನ ಸ್ವಂತ ಸೋಫಾದ ಮೇಲೆ ಬಿದ್ದುಕೊಳ್ಳುವುದು ಅವನ ಪದ್ಧತಿ. ಯಾವುದೋ ಗಿರಾಕಿ ಬೇಡವೆಂದು ಬಿಟ್ಟುಹೋದ ಹಸಿರು ವೆಲ್ವೆಟ್ ಹೊದಿಸಿ ತನಗೆಂದೇ ಮಾಡಿಕೊಂಡ ಸೋಫಾ ಅದು. ಅದರ ಮೇಲೆ ಒರಗಿದನೆಂದರೆ ಹೆಂಡತಿ, ಮಕ್ಕಳು, ಬಾಕಿ ಕೆಲಸ ಯಾವುದೂ ಅವನ ನೆನಪಿಗೆ ಬರುತ್ತಿರಲಿಲ್ಲ.

ಅವನ ಮನೆಗೂ ಪಕ್ಕದ ಔಷಧಿ ಅಂಗಡಿಯವನ ಮನೆಗೂ ಒಂದೇ ಗೇಟು. ತೆರೆದರೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಎಣ್ಣೆ ಬಿಡಲು ಸ್ಪ್ರಿಂಗಣ್ಣ ಒಂದೆರಡು ಸಲ ಹೊರಟಿದ್ದುಂಟು. "ಬೇಡಾರೀ, ಕಳ್ಳ ಗಿಳ್ಳ ಬಂದ್ರೆ ಗೊತ್ತಾಗ್ಲಿ" ಎಂದು ಹೆಂಡತಿ ತಡೆದಿದ್ದಳು. ಪಕ್ಕದ ಮನೆಯಾಕೆಯೂ ತನ್ನ ಗಂಡನಿಗೆ ಅದನ್ನೇ ಹೇಳಿದ್ದಳಂತೆ. ಹೆಂಗಸರಿಗೆ ಮುಂದಾಲೋಚನೆ ಜಾಸ್ತಿ ಎಂದುಕೊಂಡು ಅವನು ಎಣ್ಣೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದ.

"ಪಕ್ಕದ ಮನೆಯೋರು ಹೊರಟ್ರು ಅಂತ ಕಾಣತ್ತೆ," ಎಂದಳು ಹೆಂಡತಿ, ಗೋಡೆಗೆ ಹೇಳುವವಳಂತೆ. "ಹೂವಿನ ಪ್ರದರ್ಶನ ಶುರುವಾಗಿದೆಯಲ್ಲ, ಮಕ್ಕಳನ್ನ ಕರ್ಕೊಂಡು ಹೋಗ್ತಾರಂತೆ. ನೀನು ಅಡುಗೆನೂ ಮಾಡ್ಬೇಡ, ಆರಾಮಾಗಿ ಮಲಕ್ಕೋ ಅಂದ್ರಂತೆ ಹೆಂಡ್ತಿಗೆ. ಏನೋಪ್ಪ, ಕೆಲವರು ಪುಣ್ಯ ಮಾಡಿರ್ತಾರೆ."

ಸ್ಪ್ರಿಂಗಣ್ಣ ಒಂದು ಕಣ್ಣು ತೆರೆದ. "ನಾನೇನು ಮಕ್ಕಳನ್ನ ಎಲ್ಲಿಗೂ ಕರ್ಕೊಂಡು ಹೋಗೇ ಇಲ್ವಾ?"

"ಯಾಕಿಲ್ಲ? ಹೋದ ತಿಂಗಳು ಕಟಿಂಗ್ ಶಾಪಿಗೆ ಕರ್ಕೊಂಡು ಹೋಗಿದ್ರಲ್ಲ."

ಇಷ್ಟಕ್ಕೇ ಮುಗಿದಿದ್ದರೆ ಅವನು ಮಗ್ಗುಲು ಬದಲಿಸಿ ಮಲಗುತ್ತಿದ್ದ. ಆದರೆ ಹಲ್ಲುಜ್ಜುತ್ತಿದ್ದ ಮಗಳು ಪುಟ್ಟಿ ಬಾಯಿ ತುಂಬ ನೊರೆ ಇಟ್ಟುಕೊಂಡು, "ಅಮ್ಮಾ, ಮಾತ್ರೆ ಮಾಮ ಎಷ್ಟು ಒಳ್ಳೇರಲ್ವಾ?" ಎಂದುಬಿಟ್ಟಳು.

ಪಕ್ಕದವನನ್ನು ಹೆಂಡತಿ ಹೊಗಳಿದರೆ ಕಿವುಡನಾಗಬಹುದು; ಅದು ಸಂಸಾರಸ್ಥರಿಗೆಲ್ಲ ಬರುವ ವಿದ್ಯೆ. ಹೆತ್ತ ಮಗಳೇ ಪಕ್ಕದ ಮನೆಯ ಅಪ್ಪನನ್ನು ಮೆಚ್ಚಿಕೊಂಡರೆ ನಿದ್ದೆ ಬರುವುದು ಹೇಗೆ? ಇವತ್ತು ಇದೇ ಬಾಯಲ್ಲಿ "ನಮ್ಮಪ್ಪನೇ ಒಳ್ಳೇರು" ಎಂದು ಅನ್ನಿಸಿಯೇ ಮನೆಗೆ ಬರುತ್ತೇನೆ ಎಂದು ಶಪಥ ಮಾಡಿ ಎದ್ದ. ಪುಟ್ಟಿಯನ್ನೂ ನಾಲ್ಕು ವರ್ಷದ ಗುಂಡನನ್ನೂ ಕೈಗೆ ಸಿಕ್ಕ ಬಟ್ಟೆಯೊಳಗೆ ತುರುಕಿ ಹೊರಗೆ ಓಡಿದ.

ಗೇಟಿನ ಬಳಿ ಔಷಧಿ ಅಂಗಡಿಯವನು ಬೂಟಿನ ದಾರ ಕಟ್ಟುತ್ತ ಕುಂಟಿಕೊಂಡು ಬರುತ್ತಿದ್ದ. ಹಿಂದೆ ಅವನ ಅವಳಿ ಗಂಡುಮಕ್ಕಳು. ಇಬ್ಬರಿಗೂ ಒಂದೇ ಬಗೆಯ ಟೋಪಿ, ಕೊರಳಲ್ಲಿ ಹೆಸರಿನ ಚೀಟಿ, ಹೆಗಲಲ್ಲಿ ನೀರಿನ ಬಾಟಲಿ. ಅವನ ಬೆನ್ನ ಮೇಲೊಂದು ಚೀಲ. ಅದರಲ್ಲಿ ಇಲ್ಲದ ಔಷಧಿ ಆಸ್ಪತ್ರೆಯಲ್ಲೂ ಇರಲಿಕ್ಕಿಲ್ಲ.

"ಓ, ನೀವಿನ್ನೂ ಇಲ್ಲೇ ಇದ್ದೀರಾ? ಹೋಗಿ ಆಯ್ತೇನೋ ಅಂದ್ಕೊಂಡಿದ್ದೆ," ಎಂದು ಕಹಿ ಮಾತ್ರೆ ನುಂಗಿದವನಂತೆ ನಕ್ಕ.

"ಹೊರಟೆ," ಎಂದ ಸ್ಪ್ರಿಂಗಣ್ಣ. ತನ್ನ ಮಕ್ಕಳತ್ತ ನೋಡಿದರೆ ಗುಂಡನ ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅಕ್ಕನದು. ಬದಲಿಸಲು ಒಳಗೆ ಹೋದರೆ ಪಕ್ಕದವನು ಮುಂದಾಗುತ್ತಾನೆ. ಹಾಗೇ ಎಳೆದುಕೊಂಡು ನಡೆದ.

ವಸಂತಕಾಲದಲ್ಲಿ ಹೂವಿಗೆ ಏನು ಬರ? ಉದ್ಯಾನದ ತುಂಬ ಬಣ್ಣದ ಜಾತ್ರೆ. ಆದರೆ ಸ್ಪ್ರಿಂಗಣ್ಣನ ಕಣ್ಣಿಗೆ ಬೀಳುತ್ತಿದ್ದುದು ಮುಂದೆ ಹೋಗುತ್ತಿದ್ದ ಆ ಎರಡು ಟೋಪಿಗಳು ಮಾತ್ರ.

"ಅಪ್ಪಾ, ಇದ್ಯಾವ ಹೂವು?" ಎಂದಳು ಪುಟ್ಟಿ.

"ಕೆಂಪು ಹೂವು."

"ಅದು?"

"ಅದು ಹಳದಿ ಹೂವು."

"ಅದು ನಂಗೂ ಗೊತ್ತಪ್ಪ. ಮಾತ್ರೆ ಮಾಮ ಹೆಸರು ಹೇಳ್ತಿದ್ದಾರೆ."

ಹೌದು, ಮುಂದೆ ಔಷಧಿ ಅಂಗಡಿಯವನು ಒಂದೊಂದು ಗಿಡಕ್ಕೂ ನಾಲಿಗೆ ತಿರುಗದಂಥ ಹೆಸರು ಹೇಳುತ್ತಿದ್ದ. ಔಷಧಿಗಳ ಹೆಸರು ಓದಿ ಪಳಗಿದ ನಾಲಿಗೆ ಅದು. ಸ್ಪ್ರಿಂಗಣ್ಣ ಸೋಲುತ್ತಾನೆಯೇ? "ಇದು ರೆಕ್ಸಿನ್ ಹೂವು," ಎಂದ. "ಅದು ಕುಶನ್ ಹೂವು. ಆ ಮೂಲೇಲಿರೋದು ಡಬಲ್ ಹೊಲಿಗೆ. ತುಂಬ ಅಪರೂಪದ್ದು." ಪುಟ್ಟಿ ಕಣ್ಣರಳಿಸಿದಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವನ ತೋಳು ಹಿಡಿದು, "ಅಪ್ಪಾ, ಈ ರೆಕ್ಸಿನ್ ಗಿಡಕ್ಕೆ ದಿನಾ ನೀರು ಹಾಕ್ಬೇಕಾ?" ಎಂದು ಕೇಳಿದರು. "ಬೇಡಮ್ಮ, ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು," ಎಂದು ಹೇಳಿ ಅವನು ಗುಂಪಿನಲ್ಲಿ ಕರಗಿದ.

ಉದ್ಯಾನದ ನಡುವೆ ಆ ವರ್ಷದ ದೊಡ್ಡ ಆಕರ್ಷಣೆ ಇತ್ತು. ಅದನ್ನು ನೋಡಿ ಸ್ಪ್ರಿಂಗಣ್ಣನಿಗೆ ದೇವರು ಇನ್ನೂ ಕಣ್ಣು ಮುಚ್ಚಿಲ್ಲ ಅನ್ನಿಸಿತು. ಚೆಂಡುಹೂವು, ಗುಲಾಬಿಗಳಿಂದ ಮಾಡಿದ ಆನೆಗಾತ್ರದ ಒಂದು ಸೋಫಾ. ಸುತ್ತ ಹಗ್ಗ, ಎದುರಿಗೆ "ಮುಟ್ಟಬಾರದು" ಎಂಬ ಹಲಗೆ. ಔಷಧಿ ಅಂಗಡಿಯವನು ಅವಳಿಗಳನ್ನು ಹಲಗೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ.

"ಇಲ್ಲಿ ನೋಡು ಪುಟ್ಟಿ," ಎಂದ ಸ್ಪ್ರಿಂಗಣ್ಣ ಎಲ್ಲರಿಗೂ ಕೇಳುವಂತೆ. "ಸೋಫಾ ಅಂದ್ರೆ ಪಕ್ಕದಲ್ಲಿ ನಿಲ್ಲೋಕಲ್ಲ, ಕೂರೋಕೆ." ಕಾವಲುಗಾರ ಅತ್ತ ತಿರುಗಿದ್ದೇ ತಡ, ಹಗ್ಗದ ಮೇಲಿಂದ ಎತ್ತಿ ಇಬ್ಬರು ಮಕ್ಕಳನ್ನೂ ಹೂವಿನ ಮೇಲೆ ಕೂರಿಸಿದ. ಪುಟ್ಟಿ ರಾಣಿಯಂತೆ ಕಂಡಳು. ಅವಳ ಮುಖದಲ್ಲಿ ಆ ಮಾತು ಹೊರಡುವ ಸೂಚನೆ ಕಾಣುತ್ತಿತ್ತು. "ನಮ್ಮಪ್ಪ..." ಎಂದು ಶುರುವೂ ಮಾಡಿದಳು.

ಅಷ್ಟರಲ್ಲಿ ಅವಳಿಗಳು ರಾಗ ಎಳೆದರು. "ಅಪ್ಪಾ, ಸೋಫಾ ಮಾಮ ಎಷ್ಟು ಒಳ್ಳೇರು. ನೀನ್ಯಾಕೆ ನಮ್ಮನ್ನ ಕೂರಿಸಲ್ಲ?"

ಔಷಧಿ ಅಂಗಡಿಯವನ ಮುಖ ಕೆಂಪಾಯಿತು. ಜೀವಮಾನದಲ್ಲಿ ವೈದ್ಯರ ಚೀಟಿ ಇಲ್ಲದೆ ಏನನ್ನೂ ಕೊಡದ, ನಿಯಮದ ಗೆರೆ ದಾಟದ ಮನುಷ್ಯ ಹಗ್ಗ ದಾಟಿ, ಅವಳಿಗಳನ್ನು ತಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂರಿಸಿಯೇಬಿಟ್ಟ.

"ಒಂದು ಕಡೆ ಭಾರ ಹಾಕ್ಬೇಡ್ರೀ, ಕೆಳಗೆ ಬರೀ ತಂತಿ ಇದೆ," ಎಂದು ಸ್ಪ್ರಿಂಗಣ್ಣ ಹೇಳಿ ಮುಗಿಸುವಷ್ಟರಲ್ಲಿ ಸೋಫಾ ನಿಟ್ಟುಸಿರು ಬಿಟ್ಟಂತೆ ಕುಸಿಯಿತು. ಮಕ್ಕಳನ್ನು ಹಿಡಿಯಲು ಹಾರಿದ ಅಪ್ಪಂದಿರಿಬ್ಬರೂ ಸೊಂಟದವರೆಗೆ ಚೆಂಡುಹೂವಿನಲ್ಲಿ ಹೂತುಹೋದರು. ಮಕ್ಕಳಿಗೆ ಏನೂ ಆಗಲಿಲ್ಲ. ಅವರು ಇನ್ನೊಂದು ಸಲ ಬೀಳಿಸಿ ಎಂದು ಗೋಗರೆಯುತ್ತಿದ್ದರು.

ಸೀಟಿಗಳು ಮೊಳಗಿದವು. ಕೈಯಲ್ಲಿ ದೊಡ್ಡ ಕತ್ತರಿ ಹಿಡಿದ ಉದ್ಯಾನದ ಮೇಲ್ವಿಚಾರಕಿ ಬಂದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ದಂಡ ಕಟ್ತೀರೋ, ಹೂವು ಕಟ್ತೀರೋ?" ಎಂದು ಕೇಳಿದರು.

ಹೂವು ಕಟ್ಟಲು ಕೂತರು. ಹಿಂಬದಿಯ ಶೆಡ್ಡಿನಲ್ಲಿ ಸ್ಪ್ರಿಂಗಣ್ಣ ತಂತಿ ಬಗ್ಗಿಸಿ ಚೌಕಟ್ಟು ನೇರ ಮಾಡಿದ, ಔಷಧಿ ಅಂಗಡಿಯವನು ಹೂವು ಚುಚ್ಚಿದ. ಸ್ಪ್ರಿಂಗಣ್ಣನ ಬೆರಳಿಗೆ ತಂತಿ ತಾಗಿ ರಕ್ತ ಬಂದಾಗ ಚೀಲದಿಂದ ಹತ್ತಿ ತೆಗೆದು, ಒರೆಸಿ, ಪಟ್ಟಿ ಹಾಕಿದವನೂ ಅವನೇ. ಪಕ್ಕದಲ್ಲೇ ಇದ್ದ ಪುಟ್ಟಿ ಅದನ್ನು ಕಣ್ಣು ಬಿಟ್ಟು ನೋಡಿ, "ಮಾತ್ರೆ ಮಾಮ ಎಷ್ಟು ಒಳ್ಳೇರಲ್ವಾ ಅಪ್ಪಾ?" ಎಂದಳು. ಬೆರಳಿಗಿಂತ ಅದೇ ಹೆಚ್ಚು ಉರಿಯಿತು.

"ನೀವು ಪುಣ್ಯವಂತರು ಬಿಡಿ," ಎಂದು ಸ್ಪ್ರಿಂಗಣ್ಣ ಕೊನೆಗೂ ಬಾಯಿಬಿಟ್ಟ. "ನಮ್ಮನೇಲಿ ದಿನಾ ನಿಮ್ಮದೇ ಭಜನೆ. ಹೆಂಡ್ತಿಗೆ ಅಡುಗೆ ಮಾಡ್ಬೇಡ, ಮಲಕ್ಕೋ ಅಂದ್ರಂತೆ."

"ಯಾರು, ನಾನಾ?" ಹೂವು ಹಿಡಿದ ಕೈ ಅಲ್ಲೇ ನಿಂತಿತು. "ನನ್ನ ಹೆಂಡ್ತಿ ನಿಮ್ಮನ್ನ ನೋಡಿ ಕಲೀರಿ ಅಂತ ನನ್ನ ಪ್ರಾಣ ತಿಂತಾಳಲ್ರೀ. ಭಾನುವಾರ ಬಂದ್ರೆ ಸ್ಪ್ರಿಂಗಣ್ಣ ಹೆಂಡ್ತೀನ ಅಡುಗೆಮನೆ ಕಡೆ ತಲೆ ಹಾಕೋಕೂ ಬಿಡಲ್ವಂತೆ, ಎಲ್ಲಾ ಅವರೇ ಮಾಡ್ತಾರಂತೆ ಅಂತ."

"ನಂಗೆ ಒಲೆ ಹಚ್ಚೋಕೂ ಬರಲ್ಲ."

ಔಷಧಿ ಅಂಗಡಿಯವನು ಕೈಯಲ್ಲಿದ್ದ ಹೂವನ್ನು ತಲೆಕೆಳಗಾಗಿ ಚುಚ್ಚಿದ. ಹೊರಗೆ ಯಾರೋ ರೆಕ್ಸಿನ್ ಹೂವು ಎಲ್ಲಿದೆ ಎಂದು ಮೇಲ್ವಿಚಾರಕಿಯನ್ನು ಕೇಳುತ್ತಿದ್ದರು.

ಸಂಜೆ ಮನೆಗೆ ಬಂದಾಗ ಹೆಂಡತಿ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಎದುರಾದಳು. "ಬಂದ್ರಾ? ನಾನಂತೂ ಬೆಳಗ್ಗೆಯಿಂದ ಬೆನ್ನು ನೆಲಕ್ಕೆ ತಾಗಿಸಿಲ್ಲ."

ಸ್ಪ್ರಿಂಗಣ್ಣ ನೇರ ಸೋಫಾದ ಹತ್ತಿರ ಹೋದ. ಸಾವಿರಾರು ಸೋಫಾ ಬಿಚ್ಚಿದ ಕಣ್ಣು ಅವನದು. ಕುಶನ್ನಿನ ತಗ್ಗು ನೋಡಿದರೆ ಕೂತವರು ಯಾರು, ಎಷ್ಟು ಹೊತ್ತು ಕೂತರು ಎಂದು ಹೇಳಬಲ್ಲ. ಎರಡು ತುದಿಯಲ್ಲಿ ಎರಡು ತಲೆಯ ತಗ್ಗು, ನಡುವೆ ನಾಲ್ಕು ಕಾಲು ಚಾಚಿದ ಗುರುತು. ವೆಲ್ವೆಟ್ ಇನ್ನೂ ಬೆಚ್ಚಗಿತ್ತು. ಸಂದಿಯಲ್ಲಿ ಕಿತ್ತಳೆ ಸಿಪ್ಪೆ, ಪಕ್ಕದ ಮನೆಯಾಕೆಯ ನೀಲಿ ಕ್ಲಿಪ್ಪು. ಬೆನ್ನು ನೆಲಕ್ಕೆ ತಾಗಿರಲಿಲ್ಲ ಎಂಬುದು ಸುಳ್ಳಲ್ಲ.

ಅವನು ಜಗಳ ತೆಗೆಯಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕತ್ತಲಾಗುವ ಮೊದಲು ಕಾಂಪೌಂಡಿನ ಮೇಲಿಂದ ಔಷಧಿ ಅಂಗಡಿಯವನನ್ನು ಕರೆದು ಕ್ಲಿಪ್ಪು ಅವನ ಕೈಗಿಟ್ಟ. ಅವನಿಗೆ ಅರ್ಥವಾಯಿತು.

"ಈ ಹೆಂಗಸರು ಏನೇ ಹೇಳ್ಲಿ, ಮುಂದಿನ ಭಾನುವಾರ ನಾವಿಬ್ಬರೂ ಮನೆ ಬಿಟ್ಟು ಕದಲಬಾರದು," ಎಂದ ಸ್ಪ್ರಿಂಗಣ್ಣ.

"ಕದಲಲ್ಲ. ನಿಮ್ಮಾಣೆ," ಎಂದು ಅವನು ನಗುತ್ತ ಕೈ ಮೇಲೆ ಕೈಯಿಟ್ಟ.

ಭಾನುವಾರ ಬಂತು. ಹೆಂಡತಿ ಏನೂ ಹೇಳಲಿಲ್ಲ. ಪಕ್ಕದವರ ಸುದ್ದಿ ಎತ್ತಲಿಲ್ಲ, ಪುಣ್ಯದ ಮಾತಾಡಲಿಲ್ಲ. ಸುಮ್ಮನೆ ಕಸ ಹೊಡೆದು ಹೊರಗೆ ಚೆಲ್ಲಲು ಹೋದಳು. ಗೆದ್ದೆ ಎಂದುಕೊಂಡು ಸ್ಪ್ರಿಂಗಣ್ಣ ಹಸಿರು ವೆಲ್ವೆಟ್ಟಿನ ಮೇಲೆ ಮೈ ಚಾಚಿದ. ಕಣ್ಣು ಎಳೆಯುತ್ತಿತ್ತು.

ಗೇಟು ಕಿರ್ರೆಂದಿತು.

ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ಪಕ್ಕದವನಾಗಿರಲಾರ, ಆಣೆ ಮಾಡಿದ್ದಾನೆ ಎಂದು ತನಗೆ ತಾನೇ ಹೇಳಿಕೊಂಡ. ಆಣೆ ಮಾಡುವಾಗ ಅವನು ನಕ್ಕಿದ್ದು ನೆನಪಾಯಿತು. ಕಳ್ಳ ನಗೆ. ಈ ಹೊತ್ತಿಗೆ ಅವಳಿಗಳ ಟೋಪಿ ಬೀದಿ ತಿರುವು ದಾಟಿರಬೇಕು. ಸಂಜೆ ಬಂದು ಅವರು ಕಂಡದ್ದನ್ನೆಲ್ಲ ಹೇಳುತ್ತಾರೆ, ಪುಟ್ಟಿ ಬಾಯಿ ಬಿಟ್ಟುಕೊಂಡು ಕೇಳುತ್ತಾಳೆ, ಆಮೇಲೆ ಅದೇ ಮಾತು.

"ಇವತ್ತು ಎಲ್ಲಾದ್ರೂ ಏನಾದ್ರೂ ಇದೆಯೇನೇ?" ಎಂದು ಎದ್ದು ಕೂತ.

"ನಂಗೇನು ಗೊತ್ತು," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. "ಬಣ್ಣದ ಮೀನಿನ ಪ್ರದರ್ಶನ ಇದೆ ಅಂತ ಯಾರೋ ಅಂತಿದ್ರು."

ಮೀನಿನ ಪ್ರದರ್ಶನದ ಟಿಕೆಟ್ ಕಿಟಕಿ ಇನ್ನೂ ತೆರೆದಿರಲಿಲ್ಲ. ಸಾಲಿನಲ್ಲಿ ಸ್ಪ್ರಿಂಗಣ್ಣನೇ ಮೊದಲಿಗ. ಔಷಧಿ ಅಂಗಡಿಯವನು ಎಲ್ಲೂ ಕಾಣಲಿಲ್ಲ. ಸ್ಪ್ರಿಂಗಣ್ಣ ಹುಡುಕುತ್ತಿರುವಾಗಲೇ ಹಿಂದಿನಿಂದ ಚೀಲದ ಬಾಟಲಿಗಳು ಗಲಗಲ ಅನ್ನುವ ಸದ್ದು ಕೇಳಿತು. ಏದುಸಿರು ಬಿಡುತ್ತ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಅವಳಿಗಳನ್ನು ಎಳೆದುಕೊಂಡು ಅವನು ಓಡಿಬರುತ್ತಿದ್ದ.

"ಆಣೆ ತಪ್ಪಿದ್ರಲ್ರೀ," ಎಂದ ಬಂದವನೇ.

"ನಾನಾ? ನೀವು ಗೇಟು ತೆಗೆದ ಸದ್ದು ಕೇಳಿ ತಾನೇ ನಾನು ಎದ್ದಿದ್ದು."

"ನಾನು ಗೇಟು ಮುಟ್ಟೇ ಇಲ್ಲ. ನೀವು ತೆಗೆದ್ರಿ ಅಂತ ನಾನು ಎದ್ದಿದ್ದು."

ಬೆರಳು ಚೀಪುತ್ತಿದ್ದ ಗುಂಡ ಬೆರಳು ತೆಗೆದ. "ಗೇಟು ಅಮ್ಮ ತೆಗೀತಾಳೆ," ಎಂದ. "ತೆಗೆದು ಮತ್ತೆ ಮುಚ್ತಾಳೆ. ಆಮೇಲೆ ಒಳಗೆ ಬರ್ತಾಳೆ. ಒಂದು ಸಲ ಅಮ್ಮ, ಒಂದು ಸಲ ಪಕ್ಕದ್ಮನೆ ಅತ್ತೆ." ಬೆರಳು ಮತ್ತೆ ಬಾಯಿಗೆ ಹೋಯಿತು.

ಅಟ್ಟದ ಮೇಲಿನ ಎಣ್ಣೆ ಡಬ್ಬಿ ಸ್ಪ್ರಿಂಗಣ್ಣನ ಕಣ್ಣ ಮುಂದೆ ಬಂತು. ಈ ಹೊತ್ತಿಗೆ ಹಸಿರು ವೆಲ್ವೆಟ್ಟಿನ ಎರಡು ತುದಿಯಲ್ಲಿ ಎರಡು ತಲೆ ಒರಗಿರುತ್ತವೆ, ಹೆಂಗಸರಿಬ್ಬರೂ ಕಿತ್ತಳೆ ಸುಲಿಯುತ್ತಿರುತ್ತಾರೆ.

"ನಡೀರಿ, ಈಗಲೇ ಮನೆಗೆ ಹೋಗೋಣ," ಎಂದ ಔಷಧಿ ಅಂಗಡಿಯವನು.

"ಹೋಗೋಣ. ನೀವು ಮುಂದೆ ನಡೀರಿ."

"ಇಲ್ಲ, ಮೊದಲು ಬಂದೋರು ನೀವು. ನೀವು ನಡೀರಿ."

ಯಾರೂ ಸಾಲು ಬಿಟ್ಟು ಕದಲಲಿಲ್ಲ. ಪುಟ್ಟಿ ಅಪ್ಪನ ಮುಖ ನೋಡಿದಳು, ಆಮೇಲೆ ಮಾತ್ರೆ ಮಾಮನ ಮುಖ ನೋಡಿದಳು. ಅಷ್ಟರಲ್ಲಿ ಕಿಟಕಿ ತೆರೆಯಿತು, ಎರಡು ಕೈಗಳು ಒಟ್ಟಿಗೇ ಒಳಗೆ ನುಗ್ಗಿದವು.

"ಮೊದಲು ನಂಗೆ ಕೊಡಿ," ಎಂದರು ಇಬ್ಬರೂ.