ಬಡ ಯುರೋಪಿನ ರಾಕ್

ಮೊದಲು ಒಂದು ಮಾತು ಕೇಳಿಸಿಕೊಳ್ಳಿ, ಆಮೇಲೆ ಬೇಕಾದರೆ ನಗಿ. ಹೋದ ಸಲ ಕತೆ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದಾನೆ, "ಅಜ್ಜನಿಗೆ ಬೆಳಗ್ಗೆ ತಿಂದಿದ್ದೇ ನೆನಪಿರಲ್ಲ, ಇಪ್ಪತ್ತೈದು ವರ್ಷದ ಹಿಂದಿನದು ಹ್ಯಾಗಪ್ಪಾ ನೆನಪಿರುತ್ತೆ" ಅಂತ. ಲೋ ಮರಿ, ಬೆಳಗ್ಗೆ ತಿಂದಿದ್ದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ, ಅದಕ್ಕೆ ಮರೆತಿದ್ದು. ಈ ಕತೆಯಲ್ಲಿ ಇದೆ. ರೆಕಾರ್ಡು ಎಷ್ಟಿದ್ದವು ಅಂತ ಕೇಳು, ನಲವತ್ತಮೂರು. ಗೋಂದಿನ ಬಾಟಲಿ ಮುಚ್ಚಳ ಯಾವ ಬಣ್ಣ ಅಂತ ಕೇಳು, ಕೆಂಪು. ಸಾಕಾ? ಈಗ ಬಾಯಿ ಮುಚ್ಚಿ ಕಿವಿ ತೆಗೆ.

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹೆಬ್ಬೆರಳಿನ ಅಗಲದ ಒಂದು ಚೀಟಿ.

ರೇಡಿಯೋ ಸ್ಟೇಷನ್ನಿನ ಮೂರನೇ ಮಹಡಿಯಲ್ಲಿ ರೆಕಾರ್ಡು ಕೋಣೆ. ಅಲ್ಲಿ ರೆಕಾರ್ಡುಗಳ ಬೆನ್ನಿಗೆ ಚೀಟಿ ಬರೆದು ಅಂಟಿಸುವವನೊಬ್ಬ ಇದ್ದ. ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಗೋಂದು. ಕೆಲಸ ಗೋಂದಿನದಾದರೂ ನೌಕರಿ ಮಾತ್ರ ಅಂಟಿಕೊಂಡಿರಲಿಲ್ಲ. ಆರು ವರ್ಷದಿಂದ ಹಂಗಾಮಿ. ಕಾಯಂ ಮಾಡುವ ಕಾಗದ ಕೋಣೆಯ ಮುಖ್ಯಸ್ಥೆ ಮೇಡಂ ಅವರ ಮೇಜಿನ ಡ್ರಾಯರಿನಲ್ಲಿ ಸಹಿಗೆ ಬಾಯಿ ಬಿಟ್ಟುಕೊಂಡು ಮಲಗಿತ್ತು.

ಆ ದಿನ ಮನೆಯಿಂದ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಏನ್ರೀ, ಇವತ್ತಾದ್ರೂ ಸಹಿ ಬೀಳುತ್ತಾ? ನನ್ನ ತಮ್ಮ ನಿಮಗಿಂತ ಎರಡು ವರ್ಷ ತಡವಾಗಿ ಸೇರಿದ. ಅವನಿಗೆ ಕಾಯಂ ಆಗಿ, ಮೊನ್ನೆ ಕುರ್ಚಿಗೆ ಮೆತ್ತೆ ಬೇರೆ ಕೊಟ್ಟಿದಾರಂತೆ."

"ಬೀಳುತ್ತೆ ಕಣೇ. ಇವತ್ತು ಒಂದೇ ಒಂದು ತಪ್ಪು ಆಗದೆ ಕಳೆದ್ರೆ ಸಂಜೆ ಸಹಿ ಅಂತ ಮೇಡಮ್ಮೇ ಹೇಳಿದಾರೆ."

"ನೀವು ತಪ್ಪು ಮಾಡದೇ ಇರೋ ದಿನ ಅಂದ್ರೆ ಭಾನುವಾರ ಒಂದೇ," ಅಂದಳು ಮಹಾತಾಯಿ.

ಮೇಡಂ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಆಕೆಗೆ ಅಚ್ಚಗನ್ನಡದ ಹುಚ್ಚು. ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ ಅಂದರೆ ಮುಖ ಸಿಂಡರಿಸುವರು. ಮೂಡಣ, ಪಡುವಣ, ತೆಂಕಣ, ಬಡಗಣ, ಹೀಗೇ ಬರೆಯಬೇಕು. ಚೀಟಿಯಲ್ಲಿ ಜಾಗ ಇಲ್ಲವಲ್ಲ, ಅದಕ್ಕೆ ದಿಕ್ಕಿಗೆ ಎರಡೇ ಅಕ್ಷರ ಅಂತ ಅವರದೇ ಕಟ್ಟಪ್ಪಣೆ. ಪಡು ಯುರೋಪ್, ತೆಂಕ ಯುರೋಪ್, ಮೂಡ ಯುರೋಪ್. ಈ ಕೊನೆಯದನ್ನು ಯಾರೋ 'ಮೂಢ ಯುರೋಪ್' ಅಂತ ಓದಿ ಹಲ್ಲು ಕಿರಿದಿದ್ದರು. ಅವತ್ತೇ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಮೇಡಂ ಒಂದು ಪತ್ರ ಹಿಡಿದುಕೊಂಡು ಬಂದರು. "ರೀ ಗೋಂದು, ಎಸ್ಟೋನಿಯಾದಿಂದ ನಲವತ್ತಮೂರು ರಾಕ್ ರೆಕಾರ್ಡು ಕಾಣಿಕೆ ಕಳಿಸಿದ್ರಲ್ಲ, ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸೋರು ಇವತ್ತು ಹನ್ನೆರಡಕ್ಕೆ ನೋಡೋಕೆ ಬರ್ತಿದಾರೆ. ನಾವು ಅವರನ್ನ ಮೂಡಣಕ್ಕೆ ಸೇರಿಸಿದ್ದು ಅವರಿಗೆ ಬೇಜಾರಾಗಿದೆ. ಅವರ ದೇಶ ಬಡಗಣದ್ದಂತೆ. ಹನ್ನೆರಡರೊಳಗೆ ಎಲ್ಲಾ ಚೀಟಿ ಬದಲಾಗ್ಬೇಕು."

"ಆಗುತ್ತೆ ಮೇಡಂ."

"ಎರಡೇ ಅಕ್ಷರ."

"ಎರಡೇ ಮೇಡಂ."

ಗೋಂದು ಕೂತ. ತಲೆಯಲ್ಲಿ ಇದ್ದದ್ದು ಡ್ರಾಯರು ಒಂದೇ. ಬಡಗಣದಲ್ಲಿ ಎರಡಕ್ಷರ ಬರೆದ, ಹಳೇ ಚೀಟಿ ಮೇಲೆ ಹೊಸದು ಬಡಿದ. ಬರೆದ, ಬಡಿದ. ಬೆರಳೆಲ್ಲ ಒಂದಕ್ಕೊಂದು ಅಂಟಿ ಬಾತುಕೋಳಿ ಪಾದ ಆದಮೇಲೆ ಲಿಫ್ಟಣ್ಣನನ್ನು ಕರೆದ. ಲಿಫ್ಟು ಮೇಲೆ ಕೆಳಗೆ ಓಡಿಸುವ ಈ ಮನುಷ್ಯನೂ ಹಂಗಾಮಿಯೇ, ಹನ್ನೊಂದು ವರ್ಷದಿಂದ. ಮಾತು ಕಮ್ಮಿ, ಅಂಗೈ ಅಗಲ. ಗೋಂದು ಇಟ್ಟ ಚೀಟಿಗಳನ್ನೆಲ್ಲ ಅವನು ಒತ್ತಿ ಕೂರಿಸಿದ. ಕಪಾಟಿನ ಮೇಲಿನ ಹಲಗೆಗೂ ದಪ್ಪ ಅಕ್ಷರದಲ್ಲಿ ಒಂದು ಬಿತ್ತು. ಹತ್ತು ಗಂಟೆಗೆ ಕೆಲಸ ಮುಗಿಯಿತು.

ಆಗ ಬಂದರು ರೇಡಿಯೋದಲ್ಲಿ ಹಾಡಿನ ಕಾರ್ಯಕ್ರಮ ನಡೆಸುವ ನಿವೇದಕರು. ಗಂಟಲು ಎಂಥದ್ದು ಅಂತೀರಿ! ಬಾವಿಯೊಳಗೆ ಬಿಂದಿಗೆ ಇಳಿದ ಹಾಗೆ. ಗಂಟಲು ಇದ್ದವರಿಗೆ ಜ್ಞಾನವೂ ಇದೆ ಅಂತ ಊರು ನಂಬುತ್ತದೆ, ಕೊನೆಗೆ ಅವರೂ ನಂಬುತ್ತಾರೆ. ಹೋದ ವಾರ ಇದೇ ರೆಕಾರ್ಡು ಕೇಳಿ ನಿವೇದಕರು ಮೂಗು ಮುರಿದಿದ್ದರು. "ಮೂಡಣ ಯುರೋಪ್ ಅಂದ್ರೆ ಇಷ್ಟೇ ಕಣಯ್ಯ. ಕಾರ್ಖಾನೆ ಹೊಗೆ, ಸೈರನ್ನು. ಡ್ರಮ್ಮಲ್ಲೂ ಹಾಜರಿ ಕರೆದಂಗಿದೆ."

ಈಗ ಕಪಾಟಿನ ಮುಂದೆ ಬಂದು ಹಲಗೆ ಓದಿದರು. ನಿಂತರು. ಒಂದು ರೆಕಾರ್ಡು ತೆಗೆದು ಹಾಕಿ ಕಣ್ಣು ಮುಚ್ಚಿದರು. ಅದೇ ಹಾಡು, ಅದೇ ಡಬ ಡಬ. ಅರ್ಧ ಹಾಡಿಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಮೊದಲೇ ಹೇಳಬಾರದಿತ್ತೇನಯ್ಯಾ? ನಾನು ಪಾಪಿ, ಹೊಗೆ ಗಿಗೆ ಅಂದುಬಿಟ್ಟೆ. ಕೇಳು, ಡ್ರಮ್ ಕೊಳ್ಳೋಕೆ ಗತಿ ಇಲ್ಲ ಪಾಪ, ಡಬ್ಬ ಬಡೀತಿದಾರೆ. ಗಿಟಾರಿಗೆ ತಂತಿ ನಾಲ್ಕಿದ್ರೆ ಹೆಚ್ಚು. ಹೊಟ್ಟೆ ಖಾಲಿ ಇದ್ದೋನ ಸ್ವರ ಇದು!"

"ಯಾಕೆ ಸಾರ್?"

"ಯಾಕೆ ಅಂತ ಕೇಳ್ತೀಯಾ? ನೀನೇ ಬರೆದಿದೀಯಲ್ಲಯ್ಯಾ, ಬಡ ಯುರೋಪ್ ಅಂತ!"

ರೆಕಾರ್ಡು ಎದೆಗವಚಿಕೊಂಡು ನಿವೇದಕರು ಸ್ಟುಡಿಯೋಗೆ ಹೊರಟೇಬಿಟ್ಟರು. ಗೋಂದು ನಿಧಾನವಾಗಿ ತಿರುಗಿ ಹಲಗೆ ನೋಡಿದ. ಬಡ ಯುರೋಪ್. ನಲವತ್ತಮೂರು ಬೆನ್ನಿನ ಮೇಲೂ ಬಡ, ಬಡ, ಬಡ.

ಓಡಿದ. ಸ್ಟುಡಿಯೋ ಮೇಲಿನ ಕೆಂಪು ದೀಪ ಹತ್ತಿತ್ತು, ಒಳಗೆ ಹೋಗುವ ಹಾಗಿಲ್ಲ, ಕೂಗುವ ಹಾಗಿಲ್ಲ. ಗಾಜಿನಾಚೆ ನಿಂತು ಉತ್ತರ ದಿಕ್ಕಿನ ಕಡೆ ಕೈ ತೋರಿಸಿದ. ಆ ಗೋಡೆಯ ಮೇಲೆ ಗಡಿಯಾರ ಇತ್ತು. ನಿವೇದಕರು ಹೊತ್ತಾಯಿತು ಅಂದುಕೊಂಡು ತಕ್ಷಣ ಶುರು ಮಾಡಿದರು. ಗೋಂದು ಭೂಪಟದಲ್ಲಿ ಉತ್ತರ ಮೇಲಿರುತ್ತಲ್ಲ ಅಂತ ಬೆರಳು ಮೇಲೆತ್ತಿದ. ನಿವೇದಕರು ತಲೆಯಾಡಿಸಿ, "ಹೌದು ಕೇಳುಗರೇ, ಬಡವರಿಗೆ ಮೇಲಿನವನೇ ಗತಿ," ಅಂದರು. "ಈಗ ಬಡ ಯುರೋಪಿನ ರಾಕ್. ಆ ಚಳಿ ದೇಶದಲ್ಲಿ ಮೈಮೇಲೆ ನೆಟ್ಟಗೆ ಒಂದು ಸ್ವೆಟರ್ ಇಲ್ಲದ ಹುಡುಗರು ಬಾರಿಸಿದ್ದು. ಅವರಲ್ಲೊಬ್ಬರು ಇವತ್ತು ಹನ್ನೆರಡಕ್ಕೆ ನಮ್ಮಲ್ಲಿಗೇ ಬರುತ್ತಿದ್ದಾರೆ."

ಇಷ್ಟು ಸಾಕಲ್ಲ ಊರಿಗೆ? ಹತ್ತೂವರೆಗೆ ಫೋನು ಬಡಿದುಕೊಳ್ಳಲು ಶುರು. ಹನ್ನೊಂದಕ್ಕೆ ಜನ ಸ್ವೆಟರು, ಮಫ್ಲರು, ಹಳೇ ಕೋಟು ಹೊತ್ತು ಬಂದರು. ರೆಕಾರ್ಡು ಕೋಣೆಯ ಬಾಗಿಲಲ್ಲೇ ಕೂರುವ ಟೈಪಿಸ್ಟ್ ಅಕ್ಕ ಮೇಜು ಖಾಲಿ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಟ್ಟಳು. "ಉಣ್ಣೇದು ಈ ಕಡೆ, ಹತ್ತೀದು ಆ ಕಡೆ! ಲೋ ಗೋಂದು, ಬಾರೋ, ಒಂದೊಂದಕ್ಕೂ ಚೀಟಿ ಅಂಟಿಸು!"

ಚೀಟಿ ಅಂದ ಕೂಡಲೇ ಗೋಂದು ಅಲ್ಲಿಂದ ಓಡಿದ. ರೆಕಾರ್ಡು ಕೋಣೆಗೆ ನುಗ್ಗಿ ಒಂದು ಚೀಟಿ ಕೀಳಲು ನೋಡಿದ. ಲಿಫ್ಟಣ್ಣ ಒತ್ತಿದ್ದು ಅಲ್ಲವಾ? ಚೀಟಿ ಜೊತೆ ರೆಕಾರ್ಡಿನ ಹೊದಿಕೆಯ ಅರ್ಧ ಚರ್ಮವೇ ಬಂತು. ಸರಿ, ಕೊನೆಗೆ ಸಣ್ಣದಾಗಿ 'ಗ' ಆದರೂ ಸೇರಿಸೋಣ, ಬಡಗ ಆದೀತು ಅಂತ ಬರೆದ. ಅಂಟಿದ ಬೆರಳು ಜಾರಿ ಶಾಯಿ ಮೇಲಕ್ಕೆ ಸುತ್ತಿಕೊಂಡು 'ಬಡಗಿ' ಆಯಿತು. ಕಾರ್ಯಕ್ರಮ ಮುಗಿಸಿ ಬಂದ ನಿವೇದಕರು ಅದನ್ನು ನೋಡಿ, "ಓ, ಇವರು ಬಡಗಿಗಳಾ? ಅದಕ್ಕೇ ನೋಡು, ಎರಡನೇ ಹಾಡಲ್ಲಿ ಮೊಳೆ ಹೊಡೆದಂಗಿದೆ," ಅಂದರು.

"ಸಾರ್, ಅದು ಬಡಗಣ. ಉತ್ತರ!"

ನಿವೇದಕರು ರೆಕಾರ್ಡು ಮತ್ತೊಂದು ಸಲ ಹಾಕಿ ಕಿವಿಗೊಟ್ಟರು. ಅವರ ಮುಖ ಬದಲಾಯಿತು. "ಉತ್ತರ ಯುರೋಪಾ? ಅಯ್ಯೋ, ಹೌದಲ್ಲೋ! ಮಂಜುಗಡ್ಡೆ ಬಿರುಕು ಬಿಡೋ ಸದ್ದು! ಎಂಥಾ ಶ್ರೀಮಂತ ಸಂಗೀತ..." ಅಂದವರು ಬಾಗಿಲಲ್ಲಿದ್ದ ಸ್ವೆಟರ್ ರಾಶಿ ನೆನಪಾಗಿ ಗಂಟಲಲ್ಲಿದ್ದ ಬಿಂದಿಗೆಯನ್ನು ಬಾವಿಗೇ ಬಿಟ್ಟು ಜಾಗ ಖಾಲಿ ಮಾಡಿದರು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಂಡತಿ. ಕೈಯಲ್ಲಿ ಗೋಂದುವಿನ ನೀಲಿ ಸ್ವೆಟರು, ಇದ್ದದ್ದು ಅದೊಂದೇ.

"ರೇಡಿಯೋ ಕೇಳಿ ಕರುಳು ಚುರುಕ್ ಅಂತು ಕಣ್ರೀ. ಪಾಪ ಆ ಮಕ್ಕಳು."

"ಲೇ, ಅದು ನಂದು!"

"ಗೊತ್ತು ಬಿಡಿ. ಕಾಯಂ ಆದ್ಮೇಲೆ ಹೊಸದು ತಗೊಳ್ಳೋಣ." ಸ್ವೆಟರ್ ರಾಶಿಯ ನೆತ್ತಿಗೆ ಏರಿತು.

ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಮೇಲಿನ ಕಚೇರಿಯಲ್ಲಿ ಅತಿಥಿಗೆ ಹೂಗುಚ್ಛ ಹೊಂದಿಸುತ್ತಿದ್ದ ಮೇಡಂ ಇಳಿದು ಬಂದರು. ರಾಶಿ ನೋಡಿದರು, ಹಲಗೆ ಓದಿದರು.

"ಯಾರು ಬರೆದಿದ್ದು ಇದು?"

ಗೋಂದುಗೆ ಕಂಡಿದ್ದು ಮೇಡಂ ಅಲ್ಲ, ಡ್ರಾಯರು. ಕಾಗದ ಹರಿಯುವ ಸದ್ದೂ ಕಿವಿಗೆ ಬಿತ್ತು. ಅದೇ ಹೊತ್ತಿಗೆ ಲಿಫ್ಟಿನ ಬಾಗಿಲು ಘರ್ರ್ ಅಂತ ತೆರೆಯಿತು, ಒಳಗೆ ಸ್ಟೂಲಿನ ಮೇಲೆ ಲಿಫ್ಟಣ್ಣ. ಗೋಂದುವಿನ ಬೆರಳು ಅವನನ್ನು ಕೇಳದೆಯೇ ಎದ್ದು ನಿಂತಿತು.

"ಅವನು ಮೇಡಂ. ಲಿಫ್ಟಣ್ಣ. ನಂಗೆ ಕೈ ಅಂಟಿಕೊಂಡಿತ್ತು, ಅವನೇ..."

"ನೀವು ಬರೆದಿಲ್ಲ?"

"ಇಲ್ಲ ಮೇಡಂ. ಒಂದಕ್ಷರಾನೂ ಇಲ್ಲ."

"ಹಾಗಾದ್ರೆ ಅದನ್ನೇ ಬರೆದು ಸಹಿ ಹಾಕ್ರಿ."

ಗೋಂದು ಬರೆದ. 'ಬಡ ಎಂಬ ಪದವನ್ನು ನಾನು ಬರೆದಿಲ್ಲ, ಯೋಚಿಸಿಯೂ ಇಲ್ಲ. ಅದು ಪೂರ್ತಿ ಲಿಫ್ಟಿನವನ ಸ್ವಂತ ಬುದ್ಧಿ.' ಆರು ವರ್ಷದಲ್ಲಿ ಅಷ್ಟು ಸ್ಪಷ್ಟವಾದ ಅಕ್ಷರ ಅವನ ಕೈಯಿಂದ ಬಂದಿರಲಿಲ್ಲ. ಮೇಡಂ ಕಾಗದ ಮಡಿಸಿಕೊಂಡರು. ಲಿಫ್ಟಣ್ಣ ಗೋಂದುವಿನ ಮುಖ ನೋಡಿದ, ಒಂದೇ ಗಳಿಗೆ.

"ಹೂಂ ಮೇಡಂ," ಅಂದ. "ನಂದೇ."

ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ, "ನಿಂಗೆ ಕಾಯಂ ಆಗೋ ದಿನ ಕಣಪ್ಪ. ನಂಗೇನು, ಬೈತಾರೆ ಅಷ್ಟೇ ತಾನೇ? ಬೈಗುಳ ಕೆಳಗಿನ ಮಹಡೀಲಿ ಇಳಿಸಿ ಬರ್ತೀನಿ."

ಹನ್ನೆರಡಕ್ಕೆ ಸರಿಯಾಗಿ ಅದೇ ಲಿಫ್ಟಣ್ಣ ಅತಿಥಿಯನ್ನು ಮೇಲೆ ತಂದ. ಆರಡಿ ಮನುಷ್ಯ, ಬೆಳ್ಳಗಿನ ಗಡ್ಡ, ತೊಡೆಯ ಮೇಲೆ ಬೆರಳು ಸದಾ ತಾಳ ಹಾಕುತ್ತಲೇ ಇರುವುದು. ಮೇಡಂ ಬೆನ್ನಿನಿಂದ ಹಲಗೆ ಮರೆಮಾಡಿ ನಿಂತರು. ಆದರೆ ಅತಿಥಿ ಅವರಿಗಿಂತ ಒಂದೂವರೆ ಅಡಿ ಉದ್ದ. ಹಲಗೆ ತೋರಿಸಿ ಇಂಗ್ಲಿಷಿನಲ್ಲಿ, ಏನು ಬರೆದಿದೆ ಅಂತ ಕೇಳಿದ. ಅಷ್ಟು ಹೊತ್ತು ಕಾಣದಿದ್ದ ನಿವೇದಕರು ಎಲ್ಲಿದ್ದರೋ, ತೂರಿ ಬಂದು, ಬಡ ಅಂದರೆ ಗತಿಯಿಲ್ಲದವರು ಅಂತ ಅರ್ಥವನ್ನು ಒಂದು ಚೂರೂ ಬಿಡದೆ ಹೇಳಿಬಿಟ್ಟರು. ಸ್ವೆಟರಿನ ಕತೆಯನ್ನೂ, ಡಬ್ಬದ ಸದ್ದಿನ ಮಾತನ್ನೂ.

ಮೇಡಂ ಕಣ್ಣು ಮುಚ್ಚಿಕೊಂಡರು. ಗೋಂದು ಗೋಡೆಗೆ ಅಂಟಿಕೊಂಡ.

ಅತಿಥಿ ಹೋಗಿ ಚೀಟಿಗಳ ಮೇಲೆ ಕೈಯಾಡಿಸಿದ. ಏನೇನೋ ಹೇಳಿದ. ನಿವೇದಕರು ಅದನ್ನು ಕನ್ನಡಕ್ಕೆ ತಿರುಗಿಸುತ್ತಾ ಹೋದರು.

"ಹೋದಲ್ಲೆಲ್ಲಾ ನಮ್ಮನ್ನ ಪೂರ್ವಕ್ಕೆ ಹಾಕ್ತಾರೆ, ಕೇಳಿದವರಿಗೆ ಹೊಗೆ ಕೇಳುತ್ತೆ. ಜಗಳ ಆಡಿ ಉತ್ತರಕ್ಕೆ ಹಾಕಿಸ್ತೀವಿ, ಆಗ ಮಂಜುಗಡ್ಡೆ ಕೇಳುತ್ತೆ. ನಮ್ಮನ್ನ ಯಾರೂ ಕೇಳ್ಲೇ ಇಲ್ಲ. ಆ ರೆಕಾರ್ಡು ಮಾಡಿದಾಗ ನನ್ನ ಹತ್ರ ಡ್ರಮ್ ಇರಲಿಲ್ಲ. ಮೀನು ತುಂಬೋ ತಗಡಿನ ಡಬ್ಬ ಬಾರಿಸಿದ್ದೆ. ಗಿಟಾರಿನೋನಿಗೆ ತಂತಿ ನಾಲ್ಕೇ ಇತ್ತು. ಅದನ್ನ ಕಿವಿಯಿಂದ ಕಂಡುಹಿಡಿದಿದ್ದು ನಿಮ್ಮ ಊರು ಒಂದೇ. ಈ ಚೀಟಿ ಕೀಳಬೇಡಿ. ಬರೆದ ಮಹಾನುಭಾವ ಯಾರು? ನಾನು ಅವರ ಕೈ ಕುಲುಕಬೇಕು."

ಗೋಂದು ಗೋಡೆಯಿಂದ ಕಿತ್ತುಕೊಂಡು ಒಂದೇ ನೆಗೆತಕ್ಕೆ ಮುಂದೆ ಬಂದ. "ನಾನು! ನಾನೇ ಬರೆದಿದ್ದು!"

ಮೇಡಂ ನಕ್ಕರು. ಮಡಿಸಿದ ಕಾಗದ ಬಿಚ್ಚಿ ಅತಿಥಿಗೆ ತೋರಿಸಿದರು, ಕೆಳಗಿನ ಸಹಿಯನ್ನೂ. "ಇಲ್ಲ, ಇವರು ಬರೆದಿಲ್ಲ, ಯೋಚಿಸಿಯೂ ಇಲ್ಲ. ಇವರೇ ಬರೆದುಕೊಟ್ಟಿದಾರೆ. ಪೂರ್ತಿ ಆ ಲಿಫ್ಟಿನವರ ಸ್ವಂತ ಬುದ್ಧಿ."

"ಮೇಡಂ, ಅದು... ಭಯಕ್ಕೆ..."

"ಥೂ! ಬೈಗುಳ ಬರುತ್ತೆ ಅಂದಾಗ ಲಿಫ್ಟಣ್ಣನ ಅಕ್ಷರ, ಹೊಗಳಿಕೆ ಬಂದಾಗ ನಿನ್ನ ಅಕ್ಷರಾನೇನೋ?" ಅಂದಳು ಟೈಪಿಸ್ಟ್ ಅಕ್ಕ.

ಲಿಫ್ಟಣ್ಣ ಬಾಯಿ ತೆರೆದ, ಏನೋ ಹೇಳಲು ನೋಡಿದ. ಆದರೆ ಅತಿಥಿ ಅಷ್ಟರಲ್ಲಿ ಅವನ ಅಗಲ ಅಂಗೈಯನ್ನು ಎರಡು ಕೈಯಲ್ಲಿ ಹಿಡಿದು ಪಂಪು ಹೊಡೆದ ಹಾಗೆ ಕುಲುಕುತ್ತಿದ್ದ. ಹೊರಡುವಾಗ, ನೆನಪಿಗೆ ಅಂತ ರಾಶಿಯ ನೆತ್ತಿಯ ಮೇಲಿದ್ದ ನೀಲಿ ಸ್ವೆಟರ್ ಎತ್ತಿ ಹಾಕಿಕೊಂಡ. ತೋಳು ಮೊಣಕೈಗೇ ನಿಂತಿತು. ಆದರೂ ಬಿಚ್ಚಲಿಲ್ಲ.

ಸಂಜೆ ಡ್ರಾಯರು ತೆರೆಯಿತು. ಸಹಿ ಬಿತ್ತು. ಆದರೆ ಕಾಗದದ ಮೇಲಿನ ಹೆಸರು ಹೊಡೆದು ಬೇರೆ ಹೆಸರು ಬರೆದಿತ್ತು. ಚೀಟಿ ಬರೆಯುವ ಕುರ್ಚಿಗೆ ಲಿಫ್ಟಣ್ಣ, ಕಾಯಂ. ಖಾಲಿಯಾದ ಸ್ಟೂಲಿಗೆ ಗೋಂದು, ಹಂಗಾಮಿ. "ಬೇಜಾರ್ ಮಾಡ್ಕೋಬೇಡಪ್ಪ, ನಾನು ಹೇಳ್ದೆ, ಅವರು ಕೇಳ್ಲಿಲ್ಲ," ಅಂದ ಲಿಫ್ಟಣ್ಣ, ಕೆಂಪು ಮುಚ್ಚಳದ ಬಾಟಲಿ ತೆಗೆಯುತ್ತಾ. ಮಾರನೇ ದಿನ ಲಿಫ್ಟಿನ ಜಾಲರಿ ಬಾಗಿಲಿನಿಂದ ಎಲ್ಲಾ ಮಹಡಿಯ ಗಾಳಿಯೂ ಗೋಂದುವಿನ ಬೆನ್ನಿಗೇ ಬಡಿಯುತ್ತಿತ್ತು, ಮೈಮೇಲೆ ಸ್ವೆಟರ್ ಇಲ್ಲ. ಹತ್ತಿದ ನಿವೇದಕರು ಅವನು ಹಲ್ಲು ಕಟಕಟಿಸುವುದನ್ನು ಕೇಳಿ, "ತಾಳ ಚೆನ್ನಾಗಿದೆ ಕಣಯ್ಯ, ಯಾವ ದಿಕ್ಕಿಂದು?" ಅಂದರು.

ಅಷ್ಟೇ ಕತೆ. ಕೇಳಿದಿರಲ್ಲ, ಇನ್ನೊಬ್ಬರಿಗೆ ಕಳಿಸಿ. ಆದರೆ ಒಂದು ಉಪಕಾರ ಮಾಡಿ, ಕಳಿಸುವಾಗ ಮೇಲೆ 'ತಮಾಷೆ ಕತೆ' ಅಂತಾಗಲಿ, 'ಮುದುಕನ ಕತೆ' ಅಂತಾಗಲಿ ಏನೂ ಬರೆಯಬೇಡಿ. ಬರೆದರೆ ಅವರಿಗೆ ಅದೇ ಕೇಳಿಸುತ್ತದೆ.